ಬಿದ್ದ ಮರದ ಹಕ್ಕಳೆಯಣಬೆ

ಚರಿತ್ರೆಯನ್ನು ಓದುವ ನಾವು ಸಾಮಾನ್ಯವಾಗಿ ಕಲ್ಲನ್ನೂ ತಾಮ್ರವನ್ನೂ ನಂಬಿ ನಡೆಯತಕ್ಕವರು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಸಂಚರಿಸಿದರೆ, ಹೊಯ್ಸಳರ ಕಾಲವು ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದಲ್ಲಿಯೂ ನಾಗಮಂಗಲದ ಸೌಮ್ಯಕೇಶವನ ಗುಡಿಯಲ್ಲಿಯೂ ಇಂದಿಗೂ ಕಣ್ಣಿಗೆ ಬೀಳುತ್ತದೆ. ಆದರೆ ಆ ಗುಡಿಗಳನ್ನು ಕಟ್ಟಿದವರು ವಾಸವಾಗಿದ್ದ ಮನೆಗಳೆಲ್ಲಿ? ಅವರ ತೊಲೆ, ಕಂಬ, ನೇಗಿಲು, ಗಾಡಿಗಳೆಲ್ಲಿ? ಯುದ್ಧ, ಬೆಂಕಿ, ಗೆದ್ದಲು ಎಂದು ಉತ್ತರ ಹೇಳುವುದು ವಾಡಿಕೆ. ಈ ಮೂವರ ಜೊತೆಗೆ ಸದ್ದಿಲ್ಲದೆ ದುಡಿದ ನಾಲ್ಕನೆಯವನೊಬ್ಬನುಂಟು. ಅವನ ವಿಚಾರವನ್ನು ಇಲ್ಲಿ ಕೊಂಚ ಆಲೋಚಿಸೋಣ.

ಮಳೆಗಾಲದಲ್ಲಿ ಮೇಲುಕೋಟೆಯ ಬೆಟ್ಟದ ಕಾಡಿನಲ್ಲಿ ಬಿದ್ದಿರುವ ಕೊಂಬೆಯೊಂದನ್ನು ಮಗುಚಿ ನೋಡಿದರೆ, ಅದರ ಅಡಿಯಲ್ಲಿ ಸುಣ್ಣ ಬಳಿದಂತೆ ಬಿಳಿಯ ಅಥವಾ ಕಾವಿಯ ಬಣ್ಣದ ತೆಳುವಾದ ಪೊರೆಯೊಂದು ಕಾಣಬಹುದು. ಇದೂ ಅಣಬೆಯ ಜಾತಿಯದೇ. ನಾಯಿಕೊಡೆಗಿರುವಂತೆ ಇದಕ್ಕೆ ಕಾಲೂ ಇಲ್ಲ, ಛತ್ರಿಯೂ ಇಲ್ಲ. ಗಾಯದ ಮೇಲಿನ ಹಕ್ಕಳೆಯಂತೆ ಮರಕ್ಕೆ ಅಂಟಿಕೊಂಡಿರುತ್ತದೆ. ಹೊರಗೆ ಕಾಣುವ ಈ ಪೊರೆಯು ಬೀಜಕಣಗಳನ್ನು ಚೆಲ್ಲುವ ಭಾಗ ಮಾತ್ರ. ನಿಜವಾದ ಶರೀರವು ಕೂದಲಿಗಿಂತ ಸೂಕ್ಷ್ಮವಾದ ಎಳೆಗಳಾಗಿ ಮರದ ಒಳಗೆ ಹರಡಿರುತ್ತದೆ.

ಈ ಹಕ್ಕಳೆಯಣಬೆಗಳಿಗೆ ಕಾರ್ಟಿಸಿಯಂ, ಸ್ಟೀರಿಯಂ ಎಂಬ ಕುಲನಾಮಗಳನ್ನು ಪರ್ಸೂನ್ ಎಂಬ ವಿದ್ವಾಂಸನು ಶಾಸ್ತ್ರದಲ್ಲಿ ನೆಲೆಗೊಳಿಸಿದುದು 1794ರಲ್ಲಿ. ಟೀಪೂ ಸುಲ್ತಾನನು ಒತ್ತೆಯಿಟ್ಟಿದ್ದ ಇಬ್ಬರು ಕುಮಾರರು ಮದರಾಸಿನಿಂದ ಶ್ರೀರಂಗಪಟ್ಟಣಕ್ಕೆ ಹಿಂದಿರುಗಿದ ವರ್ಷವೂ ಅದೇ. ಆದರೆ ಹೆಸರು ದೊರೆತ ಮಾತ್ರಕ್ಕೆ ಗುಣವು ತಿಳಿದಂತಾಗಲಿಲ್ಲ. ಮರವು ತಾನಾಗಿ ಕೊಳೆಯುವುದೆಂದೂ, ಕೊಳೆತುದರಿಂದ ಅಣಬೆಯು ಹುಟ್ಟುವುದೆಂದೂ ಪಂಡಿತರೂ ಬಹುಕಾಲ ನಂಬಿದ್ದರು. ಕಾರಣವಾವುದು, ಕಾರ್ಯವಾವುದು ಎಂಬುದನ್ನು ತಿರುಗುಮುರುಗು ಮಾಡಿ ಸರಿಪಡಿಸಿದವನು ಜರ್ಮನಿಯ ಅರಣ್ಯಶಾಸ್ತ್ರಜ್ಞ ರಾಬರ್ಟ್ ಹಾರ್ಟಿಗ್. ಅಣಬೆಯ ಎಳೆಗಳೇ ಮರವನ್ನು ಕೊಳೆಯಿಸುವುವೆಂದು 1878ರ ತನ್ನ ಗ್ರಂಥದಲ್ಲಿ ಅವನು ವಿಶದಪಡಿಸಿದನು.

ಹೀಗಿದ್ದರೂ, ಅದಕ್ಕೆ ಸುಮಾರು ನೂರು ವರ್ಷ ಮೊದಲೇ, 1784ರಲ್ಲಿ, ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ತೇಗದ ಮರದಿಂದ ಕಟ್ಟಿದ ಬಡಗಿಗಳು ಮಾಡಬೇಕಾದುದನ್ನೇ ಮಾಡಿದ್ದರು. ಕಟ್ಟಡವನ್ನು ಎತ್ತರವಾದ ಜಗತಿಯ ಮೇಲೆ ನಿಲ್ಲಿಸಿದರು. ಸುತ್ತಲೂ ವಿಶಾಲವಾದ ಮೊಗಸಾಲೆಯನ್ನಿಟ್ಟರು. ತೇಗದ ಚೇಗಿನಲ್ಲಿ ಅಣಬೆಗೆ ಒಗ್ಗದ ದ್ರವ್ಯಗಳಿವೆ. ಮರದ ತೇವವು ನೂರಕ್ಕೆ ಇಪ್ಪತ್ತಕ್ಕಿಂತ ಕಡಮೆಯಿದ್ದರೆ ಕೊಳೆಯಿಸುವ ಅಣಬೆಯು ಬೆಳೆಯಲಾರದು. ಅನುಭವವು ಮೊದಲು ನಡೆಯಿತು, ಶಾಸ್ತ್ರವು ಹಿಂದಿನಿಂದ ಬಂದಿತು. ಕಾವೇರಿಯ ದಡದಲ್ಲಿಯೇ ಇದ್ದರೂ ಆ ಅರಮನೆಯು ನಿಂತಿದೆ. ಅದೇ ಪಟ್ಟಣದ ಲಾಲ್ ಮಹಲನ್ನು ಕೆಡಹಿದವರು ಮನುಷ್ಯರು. ಅದರ ಮರವು ಉದಕಮಂಡಲದಲ್ಲಿ 1830ರ ಸುಮಾರಿಗೆ ಕಟ್ಟಿದ ಸೇಂಟ್ ಸ್ಟೀಫನ್ ದೇವಾಲಯಕ್ಕೆ ಸೇರಿತೆಂದು ಪ್ರಸಿದ್ಧಿ. ಮೈಸೂರಿನ ಹಳೆಯ ಮರದ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ದೊರೆಗಳ ಮರಕ್ಕೆ ಹೀಗೆ ಚರಿತ್ರೆಯುಂಟು. ಒಕ್ಕಲಿಗನ ಹೊಂಗೆಯ ತೊಲೆಯೂ ಮಾವಿನ ಹಲಗೆಯೂ ಸೋರುವ ಮಾಡಿನ ಕೆಳಗೆ ನೆನೆದು ಹೇಳಹೆಸರಿಲ್ಲದೆ ಮಣ್ಣಾದುವು.

ನಮ್ಮ ಸಂಸ್ಥಾನವು ಇಂತಹ ಜೀವಿಗಳ ಕಡೆಗೆ ಶಾಸ್ತ್ರದ ದೃಷ್ಟಿಯನ್ನು ತಿರುಗಿಸಿದುದು ಬೆಳೆಯ ನಷ್ಟದ ದೆಸೆಯಿಂದ. 1908ರಲ್ಲಿ ಮೈಸೂರಿಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗವನ್ನು ಪರಿಶೋಧಿಸಿ, ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸುವ ಉಪಾಯವನ್ನು ರೈತರಿಗೆ ತೋರಿಸಿದರು. ಅದು ಮಹೋಪಕಾರವೇ ಸರಿ. ಆದರೆ ಅಣಬೆಯೆಂದರೆ ಶತ್ರು ಎಂಬ ಭಾವನೆಯು ವಿದ್ಯಾವಂತರಲ್ಲಿ ಬೇರೂರುವುದಕ್ಕೆ ಇಂತಹ ಸಂದರ್ಭಗಳೂ ಕಾರಣವಾಗಿರಬಹುದು.

ಈ ಭಾವನೆಯನ್ನು ಕಾಡಿನ ಬಾಗಿಲಲ್ಲಿಯೇ ಬಿಟ್ಟು ಒಳಹೊಗಬೇಕು. ಮರಕ್ಕೆ ಗಟ್ಟಿತನವನ್ನು ಕೊಡುವ ಲಿಗ್ನಿನ್ ಎಂಬ ದ್ರವ್ಯವನ್ನು ಸಂಪೂರ್ಣವಾಗಿ ಕರಗಿಸಬಲ್ಲ ಜೀವಿಗಳು ಬಹು ವಿರಳ. ಆ ವಿರಳ ಗುಂಪಿನಲ್ಲಿ ಹಕ್ಕಳೆಯಣಬೆಗಳು ಪ್ರಮುಖವಾದುವು. ಅವು ಇಲ್ಲದಿದ್ದರೆ ಬಿದ್ದ ಮರದಲ್ಲಿ ಅಡಗಿರುವ ಸಾರವು ಮಣ್ಣಿಗೆ ಮರಳುವುದು ಬಲು ನಿಧಾನವಾಗುತ್ತಿತ್ತು. ಮೇಲುಕೋಟೆಯ ಸುತ್ತ ಸುಮಾರು 50 ಚದರ ಕಿಲೋಮೀಟರು ಕಾಡನ್ನು 1974ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ತೋಳವನ್ನೂ, ಆದಿಚುಂಚನಗಿರಿಯ ನವಿಲನ್ನೂ ಕಾಪಾಡಬೇಕೆಂಬುದಕ್ಕೆ ಎಲ್ಲರೂ ತಲೆದೂಗುವರು. ಆದರೆ ಅವುಗಳ ನೆಲೆಯಾದ ಕಾಡು ನಿಂತಿರುವುದು ತೆಳುಮಣ್ಣಿನ ಕಲ್ಲುಗುಡ್ಡಗಳ ಮೇಲೆ. ಆ ಮಣ್ಣನ್ನು ಪೋಷಿಸುವುದು ಕೊಳೆಯುವ ಕೊಂಬೆ. ಬಡವಳೊಬ್ಬಳು ಒಲೆಗಾಗಿ ಹೊತ್ತೊಯ್ಯುವ ಪುಳ್ಳೆಯನ್ನು ನಾವು ಆಕ್ಷೇಪಿಸುವುದಿಲ್ಲ; ಅವಳ ಒಲೆಗೆ ಬೇರೆ ದಾರಿಯನ್ನು ಕಾಣಿಸುವುದು ಸಮಾಜದ ಹೊಣೆ. ಬಿದ್ದ ಮರವೆಲ್ಲವೂ ಕಸವೆಂದು ಕಾಡನ್ನು ಗುಡಿಸುವ ನಾಗರಿಕರ ಬುದ್ಧಿಯನ್ನು ಮಾತ್ರ ಆಕ್ಷೇಪಿಸುವೆವು.

ಮನೆಯ ತೊಲೆಯು ಒಣಗಿರಲಿ, ಕಾಡಿನ ದಿಮ್ಮಿಯು ನೆನೆಯಲಿ. ಒಂದೆಡೆ ನಮ್ಮ ಚರಿತ್ರೆಯನ್ನು ಅಳಿಸಿದ ಕೈಯೇ ಇನ್ನೊಂದೆಡೆ ಮುಂದಿನವರ ಮರವನ್ನು ಬೆಳೆಯಿಸುತ್ತಿದೆ. ಎರಡು ಸ್ಥಳಗಳ ಧರ್ಮವೂ ಬೇರೆಯೆಂಬುದನ್ನು ದರಿಯಾ ದೌಲತ್ತಿನ ಬಡಗಿಯು ತನ್ನ ಕಟ್ಟಡದಲ್ಲಿ ತೋರಿಸಿದನು. ಓದಿದ ನಾವು ಅದನ್ನು ಕಾಡಿನಲ್ಲಿಯೂ ಕಲಿಯಬೇಕಾಗಿದೆ.