ಮಾಸ್ತಿಯವರ ರಾಜೀನಾಮೆ

ನಾನಿರೋದು ಯಡಿಯೂರಿನಲ್ಲಿ, ಕೆರೆಗೆ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿ. ಅಪ್ರೈಸಲ್ ಮುಗಿದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಸುಮ್ಮನೆ ನಡೆಯುತ್ತಾ ಹೊರಟವನು ಟಾಟಾ ಸಿಲ್ಕ್ ಫಾರಂ, ಎನ್.ಆರ್. ಕಾಲೋನಿ ದಾಟಿ, ಬುಲ್ ಟೆಂಪಲ್ ರಸ್ತೆ ಹಿಡಿದು ಗವಿಪುರದ ತನಕ ಹೋಗಿಬಿಟ್ಟೆ. ತಲೆ ಕೆಟ್ಟಿತ್ತು. ನನಗೆ ಪ್ರಮೋಷನ್ ಬಂದಿರಲಿಲ್ಲ, ನನಗಿಂತ ಎರಡು ವರ್ಷ ತಡವಾಗಿ ಸೇರಿದ ಹುಡುಗಿಗೆ ಬಂದಿತ್ತು. ರಾಜೀನಾಮೆಯ ಇಮೇಲ್ ಬರೆದು ಡ್ರಾಫ್ಟ್‌ನಲ್ಲಿ ಇಟ್ಟಿದ್ದೆ. ‘ಕಳಿಸು’ ಒತ್ತುವುದೊಂದೇ ಬಾಕಿ.

ಗವಿಪುರ ಅಂದಮೇಲೆ ಮಾಸ್ತಿ ನೆನಪಾಗದೆ ಇರ್ತಾರಾ? ಅವರು ಬಹುಕಾಲ ಬಾಳಿದ್ದು ಅಲ್ಲೇ. ಅವರಿಗೂ ಇದೇ ಆಗಿತ್ತಲ್ಲ ಅಂತ ಹೊಳೆದದ್ದೂ ಅಲ್ಲೇ, ಒಂದು ಕಾಫಿ ಕುಡಿಯುತ್ತಾ ನಿಂತಿದ್ದಾಗ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರಲ್ಲಿ. ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ 1914ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಸೇರಿದರು, ಅಸಿಸ್ಟೆಂಟ್ ಕಮಿಷನರ್ ಆಗಿ. ಅಲ್ಲಿಂದ ಊರೂರು ವರ್ಗ, ಕಡತ, ಕಂದಾಯ, ಖಟ್ಲೆ. ಜಿಲ್ಲೆಯ ಡೆಪ್ಯುಟಿ ಕಮಿಷನರ್ ಆದರು, ಅಬಕಾರಿ ಕಮಿಷನರ್ ಕೂಡ ಆದರು. ‘ರಾಜಸೇವಾಸಕ್ತ’ ಅನ್ನೋ ಬಿರುದೂ ಅರಮನೆಯಿಂದ ಬಂತು. (ನಮ್ಮಲ್ಲಿ ‘ಸ್ಟಾರ್ ಪರ್ಫಾರ್ಮರ್’ ಅಂತ ಗಾಜಿನ ಫಲಕ ಕೊಡ್ತಾರಲ್ಲ, ಹಾಗೆ. ನನ್ನ ಹತ್ತಿರ ಎರಡಿದೆ :) )

1943ರಲ್ಲಿ ಸರ್ಕಾರದಲ್ಲಿ ಮಂತ್ರಿಗೆ ಸಮನಾದ ಒಂದು ಸ್ಥಾನ ತಮಗೆ ನ್ಯಾಯವಾಗಿ ಬರಬೇಕು ಅಂತ ಮಾಸ್ತಿಯವರು ಎಣಿಸಿದ್ದರು. ಬರಲಿಲ್ಲ. ಅವರಿಗಿಂತ ಕಿರಿಯರೊಬ್ಬರನ್ನು ಮೇಲೇರಿಸಿದರು. ಮಾಸ್ತಿ ಪ್ರತಿಭಟಿಸಿ ರಾಜೀನಾಮೆ ಕೊಟ್ಟು ಹೊರಗೆ ಬಂದರು. ಆಗ ಅವರಿಗೆ 52 ವರ್ಷ.

ಇಷ್ಟು ನಮಗೆಲ್ಲ ಗೊತ್ತಿರೋ ಕತೆ. ಕನ್ನಡ ಮೇಷ್ಟ್ರುಗಳು ಸ್ವಾಭಿಮಾನ ಅಂದರೆ ಇದು ಅಂತ ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡ್ತಾರೆ. ನಾನೂ ಅವತ್ತು ಅರ್ಧ ಕಾಫಿಯವರೆಗೆ ಹಾಗೇ ಅಂದುಕೊಂಡೆ. ಮಾಸ್ತಿಯೇ ಬಿಟ್ಟರು, ನಾನೂ ಬಿಡ್ತೀನಿ ಅಂತ.

ಆದರೆ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ‘ಕೆಲವು ಸಣ್ಣ ಕತೆಗಳು’ ಅಚ್ಚಾದದ್ದು 1920ರಲ್ಲಿ, ಕೆಲಸಕ್ಕೆ ಸೇರಿ ಆರು ವರ್ಷಕ್ಕೆ. ‘ಸುಬ್ಬಣ್ಣ’ 1928. ಮರುವರ್ಷ, 1929ರಲ್ಲಿ, ಬೆಳಗಾವಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು, 38ನೇ ವಯಸ್ಸಿನಲ್ಲಿ. ಇದೆಲ್ಲ ನಡೆದದ್ದು ಕಚೇರಿಯ ಕೆಲಸ ಬಿಡದೆ. ಅಂದರೆ 29 ವರ್ಷ ವೆಂಕಟೇಶ ಅಯ್ಯಂಗಾರ್ ಅನ್ನೋ ಅಧಿಕಾರಿಯ ಜೊತೆಗೆ ‘ಶ್ರೀನಿವಾಸ’ ಅನ್ನೋ ಕಾವ್ಯನಾಮದ ಇನ್ನೊಬ್ಬ ಮನುಷ್ಯ ಬೆಳೀತಾ ಇದ್ದ. ಅಧಿಕಾರಿ ರಾಜೀನಾಮೆ ಕೊಟ್ಟ ದಿನ ಶ್ರೀನಿವಾಸನಿಗೆ ಕೆಲಸ ಹೋಗಲಿಲ್ಲ, ಸಮಯ ಸಿಕ್ಕಿತು ಅಷ್ಟೆ.

ಮುಂದಿನದು ನೋಡಿ. 1944ರಿಂದ 1965ರವರೆಗೆ ‘ಜೀವನ’ ಮಾಸಪತ್ರಿಕೆಯ ಸಂಪಾದಕರು. ದೊಡ್ಡ ಕಾದಂಬರಿಗಳೆರಡೂ, ‘ಚೆನ್ನಬಸವ ನಾಯಕ’ ಮತ್ತು 1956ರ ‘ಚಿಕವೀರ ರಾಜೇಂದ್ರ’, ರಾಜೀನಾಮೆಯ ಆಮೇಲಿನವು. ಎರಡರಲ್ಲೂ ಒಂದು ರಾಜ್ಯದ ಆಡಳಿತ ಒಳಗಿಂದ ಹೇಗೆ ಹಾಳಾಗುತ್ತೆ ಅನ್ನೋದೇ ಮುಖ್ಯ. ಮಂತ್ರಿ ಯಾವಾಗ ಬಾಯಿ ಮುಚ್ಚಿಕೊಂಡಿರ್ತಾನೆ, ರಾಜನ ಹತ್ತಿರ ಯಾರ ಮಾತು ನಡೆಯುತ್ತೆ, ಇದನ್ನು ಅಷ್ಟು ನಿಧಾನವಾಗಿ ಬರೆಯೋಕೆ 29 ವರ್ಷ ಕಚೇರಿಯಲ್ಲಿ ಕೂತವರಿಗೇ ಸಾಧ್ಯ ಅಂತ ನನ್ನ ಅನಿಸಿಕೆ. 1983ನೇ ಸಾಲಿನ ಜ್ಞಾನಪೀಠ ಬಂದದ್ದು ಕೊಡಗಿನ ಆ ಕಾದಂಬರಿಗೆ.

ಎಂಜಿನಿಯರಿಂಗ್ ಓದಿದವನು ನಾನು, ಹಾಗಾಗಿ ಇನ್ನೊಂದು ರಾಜೀನಾಮೆಯೂ ನೆನಪಿಗೆ ಬಂತು. ಸೆಪ್ಟೆಂಬರ್ 15 ಬಂದರೆ ಹಾರ ಹಾಕ್ತೀವಲ್ಲ, ಅವರದ್ದು. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಲೋಕೋಪಯೋಗಿ ಇಲಾಖೆಗೆ ಸೇರಿದವರು. ಖಡಕ್‌ವಾಸ್ಲಾ ಜಲಾಶಯಕ್ಕೆ ತಾನಾಗೇ ತೆರೆದುಕೊಳ್ಳೋ ಗೇಟು ಮಾಡಿಸಿದ್ದು 1903ರಲ್ಲಿ. ಇಷ್ಟಾದರೂ ಚೀಫ್ ಎಂಜಿನಿಯರ್ ಕುರ್ಚಿ ಭಾರತೀಯನಿಗೆ ಸಿಗೋ ಕಾಲ ಅದಾಗಿರಲಿಲ್ಲ. 1908ರಲ್ಲಿ, ಸೇವೆಗೆ 25 ವರ್ಷ ತುಂಬುವ ಮೊದಲೇ, ಬಿಟ್ಟರು. ವಿದೇಶ ಸುತ್ತಿದರು, ಮೂಸಿ ಪ್ರವಾಹದಿಂದ ಹಾಳಾದ ಹೈದರಾಬಾದಿಗೆ ಕೆಲಸ ಮಾಡಿಕೊಟ್ಟರು. ಆಮೇಲೆ ಮೈಸೂರಿನಿಂದ ಚೀಫ್ ಎಂಜಿನಿಯರ್ ಆಗಿ ಬನ್ನಿ ಅಂತ ಕರೆ ಬಂತು. ನನಗೆ ಇಷ್ಟವಾದದ್ದು ಇಲ್ಲಿ. ಅವರು ತಕ್ಷಣ ಹೂಂ ಅನ್ನಲಿಲ್ಲ. ತಾಂತ್ರಿಕ ಶಿಕ್ಷಣ, ಕೈಗಾರಿಕೆ ಇವುಗಳಲ್ಲಿ ಕೆಲಸ ಮಾಡೋಕೆ ಅವಕಾಶ ಇರುತ್ತಾ ಅಂತ ತಿರುಗಿ ಕೇಳಿದರು. ಭರವಸೆ ಸಿಕ್ಕ ಮೇಲೆ 1909ರಲ್ಲಿ ಬಂದರು. ನಾವೋ, ಆಫರ್ ಲೆಟರ್ ಬಂದರೆ ಸಂಬಳದ ಸಾಲು ಒಂದನ್ನೇ ಓದ್ತೀವಿ.

ಅವರ ಎರಡನೇ ರಾಜೀನಾಮೆ ಮಾತ್ರ ನನ್ನ ಗಂಟಲಲ್ಲಿ ಇಳಿಯಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪ್ರಾತಿನಿಧ್ಯ ಕೊಡಬೇಕು ಅಂತ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯ ಒಪ್ಪದೆ ಅದೇ ವರ್ಷ ದಿವಾನಗಿರಿ ಬಿಟ್ಟರು. ಅರ್ಹತೆಯೊಂದೇ ಮುಖ್ಯ ಅನ್ನೋದು ಅವರ ವಾದ. ಮುಂಬಯಿಯಲ್ಲಿ ತಮ್ಮ ಅರ್ಹತೆಗೆ ಬಾಗಿಲು ಮುಚ್ಚಿದ್ದನ್ನು ಕಂಡಿದ್ದವರಿಗೆ, ಮೈಸೂರಿನಲ್ಲಿ ಬೇರೆಯವರ ಪಾಲಿಗೆ ಮುಚ್ಚಿದ್ದ ಬಾಗಿಲು ಯಾಕೆ ಕಾಣಲಿಲ್ಲ? ದೊಡ್ಡವರ ವಿಷಯ, ಜಗಳಕ್ಕೆ ಬರಬೇಡಿ. ಆದರೆ ಹಾಗೆ ಕೇಳಿಕೊಂಡ ಮೇಲೆ ನನ್ನ ಡ್ರಾಫ್ಟ್ ಬೇರೆ ಥರ ಕಾಣೋಕೆ ಶುರುವಾಯ್ತು.

1943ರ ಆ ‘ಕಿರಿಯರು’ ನಮ್ಮ ಕತೆಯಲ್ಲಿ ಬಾಯೇ ತೆರೆಯಲ್ಲ, ಗಮನಿಸಿದ್ದೀರಾ? ನನ್ನ ಕತೆಯಲ್ಲೂ ಆ ಹುಡುಗಿ ಒಂದು ಮಾತೂ ಆಡಿರಲಿಲ್ಲ. ಸೋಮವಾರ ಕ್ಯಾಂಟೀನಿನಲ್ಲಿ ಸಿಕ್ಕಾಗ ಅಭಿನಂದನೆ ಹೇಳಿ, ಹೋದ ವರ್ಷ ಏನೇನು ಮಾಡಿದೆ ಅಂತ ನೇರವಾಗಿ ಕೇಳಿದೆ. ಯಾರೂ ಮುಟ್ಟದೆ ಬಿಟ್ಟಿದ್ದ ಹಳೇ ಮಾಡ್ಯೂಲನ್ನು ಕೇಳಿ ತಗೊಂಡೆ ಸಾರ್ ಅಂದಳು. ಹೌದು, ಆ ಮಾಡ್ಯೂಲ್ ಬೇಡ ಅಂತ ಮೊದಲು ತಪ್ಪಿಸಿಕೊಂಡವನು ನಾನೇ.

ಇಮೇಲ್ ಅಳಿಸಿಲ್ಲ, ಕಳಿಸಿಯೂ ಇಲ್ಲ. ಮ್ಯಾನೇಜರ್ ಹತ್ತಿರ ವಿಶ್ವೇಶ್ವರಯ್ಯನವರ ಥರ ಒಂದು ಪ್ರಶ್ನೆ ಕೇಳಿದ್ದೀನಿ, ಯಾವ ಕೆಲಸ ಕೊಡ್ತೀರಿ ಅಂತ. ಉತ್ತರ ಇನ್ನೂ ಬಂದಿಲ್ಲ. ಅವತ್ತು ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದು, ಅರ್ಧಕ್ಕೆ ಬಿಟ್ಟಿದ್ದ ನನ್ನ ಕನ್ನಡ ಕಾಗುಣಿತ ತಿದ್ದುವ ಪ್ರೋಗ್ರಾಮನ್ನು ಹುಡುಕಿದೆ. ಅದನ್ನು ಕಡೆಯ ಸಲ ಮುಟ್ಟಿ ಹದಿನಾಲ್ಕು ತಿಂಗಳಾಗಿತ್ತು. ಒತ್ತಕ್ಷರದ ಹತ್ತಿರ ಎಡವುತ್ತಿದ್ದ ಜಾಗ ಇನ್ನೂ ಹಾಗೇ ಇತ್ತು. ಹನ್ನೆರಡೂವರೆ ತನಕ ಅದನ್ನೇ ಹಿಡಿದು ಕೂತಿದ್ದೆ.