ಲಿಡಲ್ ಸಿಂಡ್ರೋಮ್

ಮೂತ್ರಪಿಂಡದ ಜೀನುದೋಷದಿಂದ ಎಳವೆಯಲ್ಲೇ ರಕ್ತದೊತ್ತಡ ಏರುವ, ವಂಶಪಾರಂಪರ್ಯವಾಗಿ ಬರುವ ಅಪರೂಪದ ಕಾಯಿಲೆ. ಬಹುಮಟ್ಟಿಗೆ ಬಾಲ್ಯ ಇಲ್ಲವೇ ಹದಿಹರೆಯದಲ್ಲಿ ಕಾಣಿಸಿಕೊಳ್ಳುತ್ತದೆ. ಎಷ್ಟೋ ಮಕ್ಕಳಿಗೆ ಯಾವ ತೊಂದರೆಯೂ ಇರುವುದಿಲ್ಲ. ಬೇರೆ ಕಾರಣಕ್ಕೆ ಬಿಪಿ ನೋಡಿದಾಗ ಗೊತ್ತಾಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಸ್ನಾಯುಗಳು ಸೋಲುತ್ತವೆ.

ಅಮೆರಿಕದ ವೈದ್ಯ ಗ್ರಾಂಟ್ ಲಿಡಲ್ ಮತ್ತು ಸಂಗಡಿಗರು ಇದನ್ನು 1963ರಲ್ಲಿ ವರ್ಣಿಸಿದರು. ಅವರು ನೋಡಿದ ಹುಡುಗಿಯಲ್ಲೂ ಆಕೆಯ ಒಡಹುಟ್ಟಿದವರಲ್ಲೂ ಬಿಪಿ ಹೆಚ್ಚಿತ್ತು, ಪೊಟ್ಯಾಸಿಯಂ ಕಡಿಮೆಯಿತ್ತು. ಅಡ್ರಿನಲ್ ಗ್ರಂಥಿ ಆಲ್ಡೊಸ್ಟಿರೋನ್ ಹಾರ್ಮೋನನ್ನು ಅತಿಯಾಗಿ ಸುರಿಸಿದಾಗ ಹೀಗಾಗುವುದುಂಟು. ಅಳೆದು ನೋಡಿದರೆ ಆ ಹಾರ್ಮೋನು ಇಲ್ಲವೆನ್ನುವಷ್ಟು ಅಲ್ಪ! ತಪ್ಪು ಮೂತ್ರಪಿಂಡದ್ದೇ ಇರಬೇಕೆಂದು ಲಿಡಲ್ ಊಹಿಸಿದರು. ಮುಂದೆ ಆಕೆಯ ಮೂತ್ರಪಿಂಡಗಳು ವಿಫಲವಾಗಿ, 1989ರಲ್ಲಿ ಕಸಿ ನಡೆಯಿತು. ದಾನಿಯ ಮೂತ್ರಪಿಂಡ ಬಂದ ಮೇಲೆ ರಕ್ತದೊತ್ತಡವೂ ಪೊಟ್ಯಾಸಿಯಮ್ಮೂ ಹದಕ್ಕೆ ಬಂದವು. ಊಹೆಗೆ ಇದಕ್ಕಿಂತ ನೇರವಾದ ಪುರಾವೆ ಸಿಗುವುದು ಕಷ್ಟ.

ಜೀನು ಸಿಕ್ಕಿದ್ದು 1994ರಲ್ಲಿ. ಮೂತ್ರಪಿಂಡದ ಸೂಕ್ಷ್ಮನಾಳಗಳ ಕೊನೆಯ ಭಾಗದಲ್ಲಿ ಸೋಡಿಯಂ ಒಳಬರುವ ಕಂಡಿಗಳಿವೆ. ಕೆಲಸ ಮುಗಿದ ಕಂಡಿಗಳನ್ನು ಜೀವಕೋಶ ತನ್ನ ಮೇಲ್ಮೈಯಿಂದ ಒಳಕ್ಕೆಳೆದುಕೊಂಡು ಒಡೆಯುತ್ತದೆ. ಈ ಕಾಯಿಲೆಯಲ್ಲಿ ಕಂಡಿಯ ಪ್ರೋಟೀನಿನ ಬಾಲ ಕತ್ತರಿಸಿಹೋಗಿರುತ್ತದೆ ಅಥವಾ ಕೆಟ್ಟಿರುತ್ತದೆ. ಹಿಡಿದೆಳೆಯಲು ಹಿಡಿಯೇ ಇಲ್ಲದಂತಾಗಿ ಕಂಡಿಗಳು ಅಲ್ಲೇ ಉಳಿಯುತ್ತವೆ. ಉಪ್ಪು, ಅದರೊಂದಿಗೆ ನೀರು ದೇಹದಲ್ಲಿ ನಿಂತು ಒತ್ತಡ ಏರುತ್ತದೆ. ಪೊಟ್ಯಾಸಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ. ದೋಷ ಕಂಡುಬರುವ ಮುಖ್ಯ ಜೀನುಗಳೆರಡೂ 16ನೆಯ ವರ್ಣತಂತುವಿನಲ್ಲಿವೆ.

ಆಲ್ಡೊಸ್ಟಿರೋನಿಗೆ ಅಡ್ಡಬರುವ ಸ್ಪೈರೊನೊಲ್ಯಾಕ್ಟೋನ್ ಇಲ್ಲಿ ಫಲ ಕೊಡುವುದಿಲ್ಲ. ಕಂಡಿಯನ್ನೇ ಮುಚ್ಚುವ ಅಮಿಲೊರೈಡ್ ಅಥವಾ ಟ್ರಯಾಮ್ಟರೀನ್ ಬೇಕು. ಊಟದಲ್ಲಿ ಉಪ್ಪು ಕಡಿಮೆಯಾದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಉಪ್ಪಿನಕಾಯಿ, ಹಪ್ಪಳಕ್ಕೆ ಕೈ ಬಿಗಿಹಿಡಿಯಬೇಕಾಗುತ್ತದೆ. ಜೇಷ್ಠಮಧುವಿನ ಅತಿ ಸೇವನೆಯೂ ಇದೇ ಬಗೆಯ ಚಿತ್ರ ಕೊಡುವುದರಿಂದ ಮನೆಮದ್ದಿನ ವಿಚಾರ ಕೇಳದೆ ರೋಗನಿರ್ಣಯ ಪೂರ್ಣವಾಗದು.

ದೋಷವಿರುವ ಜೀನಿನ ಒಂದೇ ಪ್ರತಿ ಸಾಕು. ತಂದೆ ಅಥವಾ ತಾಯಿಗೆ ಇದ್ದರೆ, ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಬರುವ ಸಂಭವ ಶೇ. 50. ಒಂದು ಮಗುವಿನಲ್ಲಿ ಪತ್ತೆಯಾದರೆ ಹೆತ್ತವರ, ಒಡಹುಟ್ಟಿದವರ ಬಿಪಿಯನ್ನೂ ಪೊಟ್ಯಾಸಿಯಂ ಮಟ್ಟವನ್ನೂ ಪರೀಕ್ಷಿಸಲೇಬೇಕು.