ವೆಬ್‌ಟೂನ್‌ಗಳ ಅನಿಮೆ ರೂಪಾಂತರ

ವೆಬ್‌ಟೂನ್ ಎಂದರೆ ಮೊಬೈಲ್ ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ ಸರಿಸುತ್ತ ಓದುವ ಕೊರಿಯಾದ ಚಿತ್ರಕಥೆ. ಇವನ್ನು ಜಪಾನಿನ ಅನಿಮೆಯಾಗಿಸುವ ಯತ್ನಕ್ಕೆ 2020ರಲ್ಲಿ ವೇಗ ಬಂತು. ‘ಟವರ್ ಆಫ್ ಗಾಡ್’, ‘ದ ಗಾಡ್ ಆಫ್ ಹೈಸ್ಕೂಲ್’, ‘ನೊಬ್ಲೆಸ್’ ಅದೇ ವರ್ಷ ತೆರೆಕಂಡವು.

ಮೊದಲ ತೊಡಕು ಚೌಕಟ್ಟಿನದು. ವೆಬ್‌ಟೂನ್‌ನಲ್ಲಿ ಎರಡು ಚಿತ್ರಗಳ ನಡುವಿನ ಉದ್ದನೆಯ ಖಾಲಿ ಜಾಗವೇ ಮೌನ. ಅದು ಎಷ್ಟು ಹೊತ್ತು ಎಂಬುದನ್ನು ಓದುಗರ ಬೆರಳು ನಿರ್ಧರಿಸುತ್ತದೆ. ಅಗಲವಾದ ತೆರೆಯ ಮೇಲೆ ಆ ಬಿಗುವನ್ನು ದೃಶ್ಯಸಂಯೋಜನೆ, ಧ್ವನಿ, ಸಂಕಲನಗಳಿಂದ ಹೊಸದಾಗಿ ಕಟ್ಟಬೇಕು.

ಎರಡನೆಯದು ಕಥೆಯ ಗಾತ್ರ. ‘ದ ಗಾಡ್ ಆಫ್ ಹೈಸ್ಕೂಲ್’ ನೂರಕ್ಕೂ ಹೆಚ್ಚು ಅಧ್ಯಾಯಗಳನ್ನು 13 ಕಂತುಗಳಲ್ಲಿ ತುರುಕಿದ್ದರಿಂದ ಹೊಡೆದಾಟಗಳು ಮಿಂಚಿದರೂ ಪಾತ್ರಗಳು ಸೊರಗಿದವು. ಎ-1 ಪಿಕ್ಚರ್ಸ್ ನಿರ್ಮಿಸಿದ ‘ಸೋಲೋ ಲೆವೆಲಿಂಗ್’ (2024) ಕಥೆಗೆ ಸಾಕಷ್ಟು ಬಿಡುವು ಕೊಟ್ಟು ಜನಮನ ಗೆದ್ದಿತು. 2025ರ ಕ್ರಂಚಿರೋಲ್ ಪ್ರಶಸ್ತಿಗಳಲ್ಲಿ ‘ವರ್ಷದ ಅನಿಮೆ’ ಎನಿಸಿತು.